ಸದರಿ, ಸದರಿ, ಸದರಿ

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯವನ್ನು ಹಾಳು ಮಾಡಿದ್ದು ಒಂದು ಟೀವಿ ಧಾರಾವಾಹಿ. ಇದನ್ನು ನನ್ನ ಮಾರ್ಗದರ್ಶಕರಿಗೆ ಹೇಳುವ ಧೈರ್ಯ ಬರಲು ನಾಲ್ಕು ತಿಂಗಳು ಬೇಕಾಯಿತು.

ನಾನು ಕೆಲಸ ಮಾಡುತ್ತಿರುವುದು ಹಳೆಯ ಮೈಸೂರು ಸಂಸ್ಥಾನದ ಅಬಕಾರಿ ಆಡಳಿತದ ಮೇಲೆ. ಹೆಂಡ, ಸಾರಾಯಿ, ಗಾಂಜಾ, ಅಫೀಮು ಇವುಗಳನ್ನು ಸರ್ಕಾರ ಹೇಗೆ ಗುತ್ತಿಗೆಗೆ ಕೊಟ್ಟಿತು, ಯಾರನ್ನು ಹಿಡಿಯಿತು, ಯಾರನ್ನು ಬಿಟ್ಟಿತು ಎನ್ನುವುದು ವಿಷಯ. ಮೂರನೇ ಅಧ್ಯಾಯದ ಬೆನ್ನೆಲುಬು ಒಂದು ದೊಡ್ಡ ಕೋಷ್ಟಕ. ವಾರ್ಷಿಕ ವರದಿಗಳಿಂದ ಜಿಲ್ಲಾವಾರು ಅಬಕಾರಿ ಮೊಕದ್ದಮೆಗಳ ಸಂಖ್ಯೆಯನ್ನು ಹೆಕ್ಕಿ, ಎಕ್ಸೆಲ್ಲಿನಲ್ಲಿ ತುಂಬಿಸಿ, ಗೆರೆ ಎಳೆದಿದ್ದೆ. ಗೆರೆ ಏರಿದ ಕಡೆ ಜನರ ಪ್ರತಿರೋಧ ಏರಿದೆ, ಇಳಿದ ಕಡೆ ಸರ್ಕಾರದ ಹಿಡಿತ ಬಿಗಿಯಾಗಿದೆ ಎಂಬುದು ನನ್ನ ವಾದ. ಒಂದು ವಿಚಾರ ಸಂಕಿರಣದಲ್ಲಿ ಇದನ್ನು ಓದಿದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಲೆಯಾಡಿಸಿದ್ದರು. ಅಷ್ಟರಲ್ಲೇ ನನಗೆ ಪದವಿ ಸಿಕ್ಕಷ್ಟು ಖುಷಿಯಾಗಿತ್ತು.

ಆಮೇಲೆ ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್ ಒಂದು ಹಾರ್ಡ್ ಡಿಸ್ಕ್ ತಂದಳು. ಅದರಲ್ಲಿ ‘ದಿ ವೈರ್’ ಇತ್ತು. ಮಳೆಗಾಲದ ರಜೆ, ಮೆಸ್ಸಿನಲ್ಲಿ ಒಂದೇ ಹೊತ್ತು ಊಟ, ನೋಡಲು ಅರವತ್ತು ಕಂತು. ಮೊದಲ ಮೂರು ಕಂತು ನಮ್ಮಿಬ್ಬರಿಗೂ ಏನೂ ಹತ್ತಲಿಲ್ಲ. “ಇವರು ಮಾತಾಡ್ತಿರೋದು ಇಂಗ್ಲಿಷೇನೇ?” ಎಂದು ಅವಳು ಕೇಳಿದಳು. ಸಬ್‌ಟೈಟಲ್ ಹಾಕಿಕೊಂಡ ಮೇಲೂ ಹಿಂದಕ್ಕೆ ಹೋಗಿ ಹೋಗಿ ನೋಡಬೇಕಾಯಿತು. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಇಬ್ಬರೂ ಊಟ ಮರೆತಿದ್ದೆವು.

ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. 2002ರ ಜೂನ್‌ನಿಂದ 2008ರ ಮಾರ್ಚ್‌ವರೆಗೆ ಎಚ್‌ಬಿಒ ವಾಹಿನಿಯಲ್ಲಿ ಐದು ಸೀಸನ್‌ಗಳಾಗಿ ಬಂದ ಧಾರಾವಾಹಿ ಇದು. ಊರು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್. ಬರೆದವರು ಡೇವಿಡ್ ಸೈಮನ್ ಮತ್ತು ಎಡ್ ಬರ್ನ್ಸ್. ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಪೊಲೀಸ್ ವರದಿಗಾರನಾಗಿದ್ದವರು. ಬರ್ನ್ಸ್ ಅದೇ ಊರಿನ ಪೊಲೀಸ್ ಪತ್ತೇದಾರರಾಗಿದ್ದು, ನಿವೃತ್ತಿಯ ಮೇಲೆ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. 1984ರಲ್ಲಿ ಮೆಲ್ವಿನ್ ವಿಲಿಯಮ್ಸ್ ಎಂಬ ಹೆರಾಯಿನ್ ವ್ಯಾಪಾರಿಯನ್ನು ಹಿಡಿದ ತನಿಖೆಯಲ್ಲಿ ಬರ್ನ್ಸ್ ಇದ್ದರು, ಅದರ ಬಗ್ಗೆ ಪತ್ರಿಕೆಯಲ್ಲಿ ಬರೆದವರು ಸೈಮನ್. ಅದೇ ವಿಲಿಯಮ್ಸ್ ಜೈಲಿನಿಂದ ಹೊರಬಂದು ಇದೇ ಧಾರಾವಾಹಿಯಲ್ಲಿ ಚರ್ಚಿನ ಹಿರಿಯನ ಪಾತ್ರ ಮಾಡಿದ್ದಾನೆ! ಹಿಡಿದವನು, ಹಿಡಿಸಿಕೊಂಡವನು, ಬರೆದವನು ಮೂವರೂ ಒಂದೇ ಕಡೆ. ಇಂಥ ಆಕರ ನನ್ನಂಥವರಿಗೆ ಕನಸಿನಲ್ಲೂ ಸಿಗುವುದಿಲ್ಲ.

ಕಥೆ ಸರಳ. ಒಂದು ಕಡೆ ಏವನ್ ಬಾರ್ಕ್ಸ್‌ಡೇಲ್ ಮತ್ತು ಅವನ ಬಲಗೈ ಸ್ಟ್ರಿಂಗರ್ ಬೆಲ್ ನಡೆಸುವ ಹೆರಾಯಿನ್ ವ್ಯಾಪಾರ. ಇನ್ನೊಂದು ಕಡೆ ನೆಲಮಾಳಿಗೆಯ ಕೋಣೆಗೆ ತಳ್ಳಲ್ಪಟ್ಟ, ಇಲಾಖೆಗೆ ಬೇಡವಾದ ಕೆಲವು ಪೊಲೀಸರು. ಅದರಲ್ಲಿ ಒಬ್ಬ ಲೆಸ್ಟರ್ ಫ್ರೀಮನ್. ಮೇಲಿನವರ ಮಾತು ಕೇಳದೆ ಒಂದು ಕೊಲೆ ಕೇಸನ್ನು ನೆಟ್ಟಗೆ ತನಿಖೆ ಮಾಡಿದ ತಪ್ಪಿಗೆ ಹದಿಮೂರು ವರ್ಷ ಗಿರವಿ ಅಂಗಡಿಗಳ ಲೆಕ್ಕ ನೋಡುವ ಮೂಲೆಗೆ ಬಿದ್ದವನು. ಬಿಡುವಿನಲ್ಲಿ ಬೊಂಬೆಮನೆಗೆ ಬೇಕಾದ ಪುಟಾಣಿ ಕುರ್ಚಿ ಮೇಜು ಕೆತ್ತುತ್ತಾನೆ. ಪತ್ರಾಗಾರಗಳಲ್ಲಿ ಇಂಥ ಒಬ್ಬರು ಇದ್ದೇ ಇರುತ್ತಾರೆ. ಯಾವ ಕಟ್ಟು ಎಲ್ಲಿದೆ ಎಂದು ಅವರಿಗೊಬ್ಬರಿಗೇ ಗೊತ್ತು, ಅವರನ್ನು ಯಾರೂ ಕೇಳುವುದಿಲ್ಲ.

ಅಂಥ ವ್ಯಾಪಾರ ಆ ಊರಿನಲ್ಲೇ ಏಕೆ ಬೇರುಬಿಟ್ಟಿತು ಎನ್ನುವುದನ್ನು ಧಾರಾವಾಹಿ ಬಾಯಿಬಿಟ್ಟು ಹೇಳುವುದಿಲ್ಲ, ಓದಿಕೊಳ್ಳಬೇಕು. ಕರಿಯರು ಯಾವ ಬೀದಿಯಲ್ಲಿ, ಬಿಳಿಯರು ಯಾವ ಬೀದಿಯಲ್ಲಿ ಇರಬೇಕೆಂದು ಬೀದಿವಾರು ಕಾನೂನು ಮಾಡಿದ ಮೊದಲ ಅಮೆರಿಕನ್ ನಗರ ಬಾಲ್ಟಿಮೋರ್. ಅದು 1910ರಲ್ಲಿ. 1917ರಲ್ಲಿ ಸುಪ್ರೀಂ ಕೋರ್ಟು ಇಂಥ ಕಾನೂನುಗಳನ್ನು ಹೊಡೆದುಹಾಕಿತು. ಆದರೆ ಇಪ್ಪತ್ತು ವರ್ಷದ ನಂತರ, 1937ರಲ್ಲಿ, ಗೃಹಸಾಲದ ಸರ್ಕಾರಿ ಸಂಸ್ಥೆಯೊಂದು ಅದೇ ಬಡಾವಣೆಗಳಿಗೆ ಭೂಪಟದಲ್ಲಿ ಕೆಂಪು ಬಣ್ಣ ಬಳಿಯಿತು. ಕೆಂಪಿದ್ದ ಕಡೆ ಸಾಲವಿಲ್ಲ, ಸಾಲವಿಲ್ಲದ ಕಡೆ ರಿಪೇರಿಯಿಲ್ಲ. 1950ರಲ್ಲಿ ಸುಮಾರು 9.5 ಲಕ್ಷ ಇದ್ದ ಊರಿನ ಜನಸಂಖ್ಯೆ 2000ದ ಹೊತ್ತಿಗೆ 6.5 ಲಕ್ಷಕ್ಕೆ ಇಳಿದಿತ್ತು. ಒಂದು ಕಾಲಕ್ಕೆ ಮೂವತ್ತು ಸಾವಿರ ಜನ ದುಡಿಯುತ್ತಿದ್ದ ಸ್ಪ್ಯಾರೋಸ್ ಪಾಯಿಂಟಿನ ಉಕ್ಕಿನ ಕಾರ್ಖಾನೆ ಕುಗ್ಗುತ್ತಾ ಬಂದು 2012ರಲ್ಲಿ ಬಾಗಿಲು ಹಾಕಿತು. ಖಾಲಿ ಮನೆಗಳ ಬಾಗಿಲಿಗೆ ನಗರಸಭೆ ಪ್ಲೈವುಡ್ ಹೊಡೆಯಿತು. ಆ ಪ್ಲೈವುಡ್ಡಿನ ಹಲಗೆಗಳನ್ನು ನೆನಪಿಡಿ, ಮುಂದೆ ಬರುತ್ತವೆ.

ನನ್ನನ್ನು ಹಿಡಿದಿಟ್ಟದ್ದು ಗುಂಡು, ಬೆನ್ನಟ್ಟುವಿಕೆ ಅಲ್ಲ, ಅವು ಇಲ್ಲಿ ಕಡಿಮೆಯೇ. ಹಿಡಿದಿಟ್ಟದ್ದು ಪೊಲೀಸರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂರುವ ದೃಶ್ಯಗಳು. ವ್ಯಾಪಾರದ ಹುಡುಗರು ಪೇಜರ್ ಮತ್ತು ಬೀದಿಬದಿಯ ನಾಣ್ಯದ ಫೋನು ಬಳಸುತ್ತಾರೆ. ಸಂಖ್ಯೆಗಳನ್ನು ಗುಪ್ತವಾಗಿ ಬರೆಯುತ್ತಾರೆ. ಗೋಡೆಗೆ ಗುಂಡು ಹಾರಿಸಿ ಬೈಸಿಕೊಂಡಿದ್ದ ಪ್ರೆಜ್ ಎಂಬ ಪೆದ್ದ ಪೊಲೀಸ್ ಆ ಗುಟ್ಟನ್ನು ಬಿಡಿಸುತ್ತಾನೆ. ಫೋನಿನ ಗುಂಡಿಗಳಲ್ಲಿ ನಡುವಿನ ಐದನ್ನು ದಾಟಿ ಎದುರಿನ ಅಂಕಿ ಒತ್ತಬೇಕು, ಒಂದಕ್ಕೆ ಒಂಬತ್ತು, ಎರಡಕ್ಕೆ ಎಂಟು. ಶಾಲೆಗೆ ಸರಿಯಾಗಿ ಹೋಗದ ಹುಡುಗರಿಗೆ ಕೂಡುವುದು ಕಳೆಯುವುದಕ್ಕಿಂತ ಇದು ಸುಲಭ. ಕೋರ್ಟು ಅನುಮತಿ ಕೊಟ್ಟ ಮೇಲೂ ಬೇಕಾದಾಗಲೆಲ್ಲ ಕದ್ದು ಕೇಳುವಂತಿಲ್ಲ. ಫೋನಿನ ಹತ್ತಿರ ಶಂಕಿತ ವ್ಯಕ್ತಿಯೇ ನಿಂತಿದ್ದಾನೆಂದು ತಾರಸಿಯ ಮೇಲೆ ಕೂತ ಇನ್ನೊಬ್ಬ ಪೊಲೀಸ್ ಕಣ್ಣಾರೆ ಕಂಡು ಹೇಳಬೇಕು. ಮಾತು ಅಪರಾಧಕ್ಕೆ ಸಂಬಂಧಿಸಿದ್ದಲ್ಲ ಎನ್ನಿಸಿದರೆ ಕಿವಿಯಿಂದ ತೆಗೆಯಬೇಕು.

ಈ ನಿಯಮಕ್ಕೆ ಒಂದು ಚರಿತ್ರೆ ಇದೆ, ಅದು ಶುರುವಾಗುವುದೇ ಹೆಂಡದಿಂದ. ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಸಿಯಾಟಲ್‌ನಲ್ಲಿ ರಾಯ್ ಓಮ್‌ಸ್ಟೆಡ್ ಎಂಬಾತ, ಮೊದಲು ಪೊಲೀಸ್ ಲೆಫ್ಟಿನೆಂಟ್ ಆಗಿದ್ದವನು, ಕಳ್ಳಮದ್ಯದ ದೊಡ್ಡ ವ್ಯಾಪಾರ ಕಟ್ಟಿದ. ಅಧಿಕಾರಿಗಳು ಅವನ ಮನೆಯೊಳಗೆ ಕಾಲಿಡದೆ, ಹೊರಗಿನ ತಂತಿಗೆ ಕೊಕ್ಕೆ ಹಾಕಿ ತಿಂಗಳುಗಟ್ಟಲೆ ಮಾತು ಕೇಳಿ, ನೂರಾರು ಪುಟ ಬರೆದಿಟ್ಟರು. ಮನೆಗೆ ನುಗ್ಗಿಲ್ಲವಾದ್ದರಿಂದ ಇದು ಶೋಧನೆಯೇ ಅಲ್ಲ ಎಂದು 1928ರಲ್ಲಿ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಲ್ಲಿ ಹೇಳಿತು. ಬ್ರಾಂಡೈಸ್ ಬರೆದ ಭಿನ್ನಮತ ಈಗ ಬಹುಮತದ ತೀರ್ಪಿಗಿಂತ ಹೆಚ್ಚು ಓದಲ್ಪಡುತ್ತದೆ. ಆ ತೀರ್ಪು ಬೀಳಲು 1967 ಬರಬೇಕಾಯಿತು. ಮರುವರ್ಷ ಬಂದ ಕೇಂದ್ರ ಕಾನೂನು ಹೇಳುವುದು ಇಷ್ಟು: ನ್ಯಾಯಾಧೀಶರ ಅಪ್ಪಣೆ ಬೇಕು, ಬೇರೆ ದಾರಿಗಳೆಲ್ಲ ಸೋತಿವೆಯೆಂದು ತೋರಿಸಬೇಕು, ಮೂವತ್ತು ದಿನಕ್ಕೆ ಮೀರಬಾರದು, ಬೇಡದ ಮಾತನ್ನು ಕೇಳಬಾರದು. ಧಾರಾವಾಹಿಯ ತಾರಸಿಯ ಮೇಲಿನ ಪೊಲೀಸ್ ಬಿಸಿಲಲ್ಲಿ ಬೇಯುವುದು ಆ ಕೊನೆಯ ಷರತ್ತಿಗಾಗಿ.

ಇದರಲ್ಲೇ ಬಾಲ್ಟಿಮೋರಿನದೇ ಒಂದು ಕೇಸಿದೆ. 1976ರಲ್ಲಿ ಆ ಊರಿನ ಮಹಿಳೆಯೊಬ್ಬರನ್ನು ದೋಚಿದವನು ಆಮೇಲೆ ಅವರಿಗೆ ಫೋನು ಮಾಡಿ ಪೀಡಿಸತೊಡಗಿದ. ಪೊಲೀಸರು ವಾರಂಟ್ ಇಲ್ಲದೆ ಫೋನ್ ಕಂಪನಿಯಲ್ಲಿ ಒಂದು ಯಂತ್ರ ಕೂಡಿಸಿ, ಅವನು ಒತ್ತಿದ ಸಂಖ್ಯೆಗಳನ್ನು ಮಾತ್ರ ದಾಖಲಿಸಿದರು, ಮಾತನ್ನಲ್ಲ. ‘ಸ್ಮಿತ್ ವಿರುದ್ಧ ಮೇರಿಲ್ಯಾಂಡ್’ ಎಂಬ ಈ ಕೇಸಿನಲ್ಲಿ 1979ರಲ್ಲಿ ಸುಪ್ರೀಂ ಕೋರ್ಟು, ಸಂಖ್ಯೆಗೆ ಗೋಪ್ಯತೆಯ ಹಕ್ಕಿಲ್ಲ ಎಂದಿತು. ಮಾತಿಗೆ ವಾರಂಟ್ ಬೇಕು, ಅಂಕಿಗೆ ಬೇಡ. ಬಾಲ್ಟಿಮೋರಿನ ಒಬ್ಬ ದರೋಡೆಕೋರನ ಕೇಸನ್ನು ಮುಂದಿಟ್ಟುಕೊಂಡೇ ಇಡೀ ದೇಶದ ಫೋನ್ ಕರೆಗಳ ಪಟ್ಟಿಯನ್ನು ಸರ್ಕಾರ ಸಂಗ್ರಹಿಸುತ್ತಿತ್ತೆಂದು 2013ರಲ್ಲಿ ಬಯಲಾಯಿತು.

ನಮ್ಮಲ್ಲಿ ಮಾತಿಗೂ ನ್ಯಾಯಾಧೀಶರ ಅಪ್ಪಣೆ ಬೇಕಿಲ್ಲ, ಗೃಹ ಕಾರ್ಯದರ್ಶಿಯದು ಸಾಕು. 1885ರ ಟೆಲಿಗ್ರಾಫ್ ಕಾಯ್ದೆಯಿಂದ ಬಂದ ಪದ್ಧತಿ ಅದು. ಸುಪ್ರೀಂ ಕೋರ್ಟು 1996ರಲ್ಲಿ ಅದಕ್ಕೆ ಕೆಲವು ಕಟ್ಟಳೆ ಹಾಕಿತು. ಅದಕ್ಕೂ ಎಂಟು ವರ್ಷ ಮೊದಲು, 1988ರಲ್ಲಿ, ಫೋನ್ ಕದ್ದಾಲಿಕೆಯ ಆರೋಪದ ನಡುವೆ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಪದವಿ ಬಿಟ್ಟಿದ್ದು ಕನ್ನಡಿಗರಿಗೆ ಗೊತ್ತಿರುವ ಕಥೆ. ‘ಕದ್ದಾಲಿಕೆ’ ಎಂಬ ಪದ ಎಷ್ಟು ಚೆನ್ನಾಗಿದೆ! ಆಲಿಸುವುದು ಎಂಬ ಒಳ್ಳೆಯ ಕ್ರಿಯೆಯ ಹಿಂದೆ ಕದಿಯುವುದನ್ನು ಕಟ್ಟಿದ ಪದ.

ಇದನ್ನೆಲ್ಲ ಏಕೆ ಇಷ್ಟು ಹೇಳುತ್ತಿದ್ದೇನೆಂದರೆ, ನನ್ನ ಕಡತಗಳಲ್ಲಿ ಮಾತಿಲ್ಲ. ಅಬಕಾರಿ ವರದಿಗಳಲ್ಲಿ ಅಂಕಿ ಇದೆ, ಅಧಿಕಾರಿಯ ಅಭಿಪ್ರಾಯ ಇದೆ. ಭಟ್ಟಿ ಇಳಿಸಿದವನು ಏನು ಹೇಳಿದ ಎನ್ನುವುದು ಇಲ್ಲ. ಬಂಡೆದ್ದ ರೈತರ ಬಗ್ಗೆ ನಮಗೆ ಸಿಗುವುದೆಲ್ಲ ಅವರನ್ನು ಅಡಗಿಸಿದವರ ಗದ್ಯ ಎಂದು ರಣಜಿತ್ ಗುಹಾ 1983ರಲ್ಲಿ ಬರೆದ ಲೇಖನವನ್ನು ನಾವೆಲ್ಲ ಎಂ.ಎ.ಯಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಬರೆದು ಪಾಸಾಗಿ ಮತ್ತೆ ಅದೇ ಗದ್ಯದಿಂದ ಕೋಷ್ಟಕ ಮಾಡಿದ್ದೇವೆ. ಹಾಗಾಗಿ ಹೆಡ್‌ಫೋನ್ ಹಾಕಿಕೊಂಡ ಫ್ರೀಮನ್‌ನನ್ನು ನೋಡಿದಾಗ ನನಗಾದದ್ದು ಹೊಟ್ಟೆಕಿಚ್ಚು. ಅವನಿಗೆ ಮಾತು ಸಿಗುತ್ತಿದೆ. ಯಾರು ಯಾರಿಗೆ ಹೆದರುತ್ತಾರೆ, ಯಾರ ಅಮ್ಮನಿಗೆ ಹುಷಾರಿಲ್ಲ ಎಂದೆಲ್ಲ.

ಆದರೆ ಆ ಹೊಟ್ಟೆಕಿಚ್ಚು ಹೆಚ್ಚು ದಿನ ನಿಲ್ಲಲಿಲ್ಲ. ಅಮ್ಮನ ಕಾಯಿಲೆಯ ಮಾತು ಬಂದ ಕೂಡಲೇ ಕಾನೂನಿನ ಪ್ರಕಾರ ಫ್ರೀಮನ್ ಗುಂಡಿ ಒತ್ತಿ ಕೇಳುವುದನ್ನು ನಿಲ್ಲಿಸಬೇಕು. ಉಳಿಯುವುದು ಸರಕು, ಹಣ, ಕೊಲೆಯ ಮಾತು ಮಾತ್ರ. ನಾಳೆ ಬಾಲ್ಟಿಮೋರಿನ ಚರಿತ್ರೆ ಬರೆಯುವವಳು ಆ ಟೇಪುಗಳನ್ನು ಕೇಳಿದರೆ ಆ ಹುಡುಗರು ಜೀವಮಾನದಲ್ಲಿ ಬೇರೇನೂ ಮಾತಾಡಲೇ ಇಲ್ಲ ಎಂದುಕೊಳ್ಳುತ್ತಾಳೆ. ಜನರ ಖಾಸಗಿತನ ಉಳಿಸಲು ಮಾಡಿದ ಕಾನೂನೇ ದಾಖಲೆಯಲ್ಲಿ ಅವರನ್ನು ಬರೀ ಅಪರಾಧಿಗಳನ್ನಾಗಿ ಉಳಿಸುತ್ತದೆ. ಧಾರಾವಾಹಿಯ ಮೊಟ್ಟಮೊದಲ ದೃಶ್ಯ ನನಗೆ ಆಮೇಲೆ ಅರ್ಥವಾಯಿತು. ರಸ್ತೆಯಲ್ಲಿ ಹೆಣ ಬಿದ್ದಿದೆ. ಮೆಟ್ಟಿಲ ಮೇಲೆ ಕೂತ ಪತ್ತೇದಾರ ಮ್ಯಾಕ್ನಲ್ಟಿ ಪಕ್ಕದ ಹುಡುಗನನ್ನು ಕೇಳುತ್ತಿರುವುದು ಗುಂಡು ಹೊಡೆದವರಾರು ಎಂದಷ್ಟೇ ಅಲ್ಲ, ಸತ್ತವನಿಗೆ ಆ ಅಡ್ಡಹೆಸರು ಹೇಗೆ ಬಂತು ಎಂದು. ಚಿಕ್ಕಂದಿನಲ್ಲಿ ಒಂದು ದಿನ ಮೂಗು ಸುರಿಸಿಕೊಂಡು ಬಂದವನಿಗೆ ಅದೇ ಹೆಸರು ಅಂಟಿದೆ. ಪೊಲೀಸ್ ವರದಿಯಲ್ಲಿ ಇದಕ್ಕೆ ಜಾಗವಿಲ್ಲ.

ನನ್ನ ಅಧ್ಯಾಯಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಮೂರನೇ ಸೀಸನ್‌ನಲ್ಲಿ. ಅಲ್ಲಿ ವಾರವಾರವೂ ಒಂದು ಸಭೆ ನಡೆಯುತ್ತದೆ. ಒಂದೊಂದು ವಲಯದ ಮೇಜರನನ್ನು ನಿಲ್ಲಿಸಿ, ಹಿಂದಿನ ಪರದೆಯಲ್ಲಿ ಅಂಕಿ ತೋರಿಸಿ, ನಿನ್ನ ವಲಯದಲ್ಲಿ ಅಪರಾಧ ಏಕೆ ಇಳಿದಿಲ್ಲ ಎಂದು ಮೇಲಿನವರು ಎಲ್ಲರೆದುರು ಮಾನ ಕಳೆಯುತ್ತಾರೆ. ಇದು ಕಲ್ಪನೆಯಲ್ಲ. ನ್ಯೂಯಾರ್ಕ್ ಪೊಲೀಸರು 1994ರಲ್ಲಿ ಶುರುಮಾಡಿದ ‘ಕಾಂಪ್‌ಸ್ಟ್ಯಾಟ್’ ಪದ್ಧತಿ ಇದು. 1999ರಲ್ಲಿ ಮೇಯರ್ ಆಗಿ ಗೆದ್ದ ಮಾರ್ಟಿನ್ ಒಮ್ಯಾಲಿ ಅದನ್ನು ಬಾಲ್ಟಿಮೋರಿಗೆ ತಂದರು. ನ್ಯೂಯಾರ್ಕಿನಿಂದ ಬಂದು ಕಮಿಷನರ್ ಆದವರು ಎಡ್ ನಾರಿಸ್. ಇಲಾಖೆಯ ಹಣ ದುರ್ಬಳಕೆಯ ಕೇಸಿನಲ್ಲಿ ಅವರಿಗೇ ಮುಂದೆ ಜೈಲಾಯಿತು. ಅವರೂ ಈ ಧಾರಾವಾಹಿಯಲ್ಲಿ ತಮ್ಮದೇ ಹೆಸರಿನ ಸಣ್ಣ ಪತ್ತೇದಾರನಾಗಿ ಓಡಾಡಿದ್ದಾರೆ. ಒಟ್ಟಿನಲ್ಲಿ ಆ ಊರಿನಲ್ಲಿ ಎಲ್ಲರೂ ಎಲ್ಲರ ಪಾತ್ರ ಮಾಡುತ್ತಾರೆ.

ಇಳಿಸು ಎಂದರೆ ಇಳಿಸಲು ಎರಡು ದಾರಿ. ಅಪರಾಧವನ್ನು ಇಳಿಸುವುದು ಒಂದು. ಕಾಗದದಲ್ಲಿ ಇಳಿಸುವುದು ಇನ್ನೊಂದು: ಸುಲಿಗೆಯನ್ನು ಕಳವು ಎಂದು ಬರೆಯುವುದು, ಬಲವಾದ ಹಲ್ಲೆಯನ್ನು ಸಾದಾ ಹಲ್ಲೆ ಎನ್ನುವುದು. ಇನ್ನು ಬಂಧನದ ಸಂಖ್ಯೆ ಏರಬೇಕೆಂದರೆ ಮೂಲೆಯಲ್ಲಿ ನಿಂತ ಹುಡುಗರನ್ನು ಗಾಡಿಗೆ ತುಂಬಿದರಾಯಿತು. 2005ರಲ್ಲಿ, ಸುಮಾರು 6.4 ಲಕ್ಷ ಜನರ ಬಾಲ್ಟಿಮೋರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಬಂಧನಗಳಾದವು. ನಾಲ್ಕನೇ ಸೀಸನ್‌ನಲ್ಲಿ ಇಲಾಖೆ ಬಿಟ್ಟು ಮೇಷ್ಟ್ರಾದ ಪ್ರೆಜ್, ಶಾಲೆಯಲ್ಲಿ ಪರೀಕ್ಷೆಯ ಫಲಿತಾಂಶ ಏರಿಸುವ ಸಭೆಯಲ್ಲಿ ಕೂತು, ಇದನ್ನು ನಾನು ಮೊದಲೇ ನೋಡಿದ್ದೇನಲ್ಲ ಎಂದು ಗುರುತು ಹಿಡಿಯುತ್ತಾನೆ. ಅದೇ ಸೀಸನ್‌ನಲ್ಲಿ ಮಾರ್ಲೊ ಎಂಬ ಹೊಸ ವ್ಯಾಪಾರಿಯ ಆಳುಗಳು ಕೊಂದವರನ್ನು ಖಾಲಿ ಮನೆಗಳೊಳಗೆ ಹಾಕಿ ಪ್ಲೈವುಡ್ ಹೊಡೆದುಬಿಡುತ್ತಾರೆ. ಹಲಗೆಗೆ ಹೊಡೆದ ಮೊಳೆಯ ಬಗೆ ನೋಡಿಯೇ ಯಾವ ಮನೆಯಲ್ಲಿ ಹೆಣವಿದೆ ಎಂದು ಫ್ರೀಮನ್ ಹೇಳಬಲ್ಲ. ಆದರೆ ಅವನ ಸಾರ್ಜೆಂಟ್ ಹಲಗೆ ಕೀಳಲು ಬಿಡುವುದಿಲ್ಲ. ಕಿತ್ತರೆ ವರ್ಷಾಂತ್ಯದ ಕೊಲೆಗಳ ಲೆಕ್ಕ ಏರುತ್ತದೆ! ಹೆಣಗಳು ಇವೆ, ಅಂಕಿಯಲ್ಲಿ ಇಲ್ಲ.

ಲ್ಯಾಪ್‌ಟಾಪನ್ನು ಅಲ್ಲೇ ನಿಲ್ಲಿಸಿ ನನ್ನ ಕೋಷ್ಟಕ ತೆಗೆದೆ. ಮೊಕದ್ದಮೆಗಳು ಒಂದು ಜಿಲ್ಲೆಯಲ್ಲಿ ಒಂದು ವರ್ಷ ಜಿಗಿಯುತ್ತವೆ, ಮರುವರ್ಷ ಕುಸಿಯುತ್ತವೆ. ನಾನು ಅದನ್ನು ಜನರ ಪ್ರತಿರೋಧ ಎಂದು ಓದಿದ್ದೆ. ಅದು ಹೊಸದಾಗಿ ಬಂದ ಅಮಲ್ದಾರನ ಉತ್ಸಾಹ ಇರಬಹುದು. ಗುತ್ತಿಗೆದಾರ ತನ್ನ ಅಂಗಡಿಯ ವ್ಯಾಪಾರ ಉಳಿಸಿಕೊಳ್ಳಲು ಹಿಡಿಸಿಕೊಟ್ಟ ಕೇಸುಗಳಿರಬಹುದು. ದಂಡದಲ್ಲಿ ಸುಳಿವು ಕೊಟ್ಟವನಿಗೆ ಪಾಲು ಸಿಗುವ ಆಡಳಿತದಲ್ಲಿ ಸುಳಿವು ಎಷ್ಟು ಬೇಕಾದರೂ ಹುಟ್ಟುತ್ತದೆ. ನಾನು ಮೂರು ವರ್ಷ ಅಳೆದದ್ದು ಜನರನ್ನಲ್ಲ, ಕಚೇರಿಯನ್ನು.

ಇಂಥ ಅನುಮಾನ ನನಗೇ ಮೊದಲು ಬಂದದ್ದೂ ಅಲ್ಲ. ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಪ್ರಶ್ನೆಯೊಂದರಿಂದಾಗಿ 1893ರಲ್ಲಿ ಭಾರತ ಸರ್ಕಾರ ಗಾಂಜಾ ಕುರಿತು ಒಂದು ಆಯೋಗ ನೇಮಿಸಿತು. ಸುಮಾರು 1,200 ಸಾಕ್ಷಿಗಳನ್ನು ವಿಚಾರಿಸಿದ ಆಯೋಗ ಅದು. ಗಾಂಜಾ ಸೇದಿದವರಿಗೆ ಹುಚ್ಚು ಹಿಡಿಯುತ್ತದೆ ಎಂಬುದಕ್ಕೆ ಆಗ ಇದ್ದ ದೊಡ್ಡ ಪುರಾವೆ ಹುಚ್ಚಾಸ್ಪತ್ರೆಗಳ ಅಂಕಿಅಂಶ. ಆಯೋಗದವರು ಸುಮ್ಮನೆ ಅದನ್ನು ಒಪ್ಪಿಕೊಳ್ಳದೆ 1892ರಲ್ಲಿ ದಾಖಲಾದ ರೋಗಿಗಳ ಕಾಗದಗಳನ್ನು ಒಂದೊಂದಾಗಿ ತೆಗೆಸಿ ನೋಡಿದರು. ಕಂಡದ್ದೇನು? ಬೀದಿಯಲ್ಲಿ ಸಿಕ್ಕವನನ್ನು ಪೊಲೀಸರು ಕಳಿಸುವಾಗ ಒಂದು ನಮೂನೆ ತುಂಬಬೇಕಿತ್ತು. ಅದರಲ್ಲಿ ‘ಕಾರಣ’ ಎಂಬ ಕಾಲಂ. ಖಾಲಿ ಬಿಡುವಂತಿಲ್ಲ. ಅವನು ಗಾಂಜಾ ಸೇದುವವನೆಂದು ಯಾರೋ ಹೇಳಿದರೆ ಸಾಕು, ಗಾಂಜಾ ಎಂದು ಬರೆದರು. ಆಸ್ಪತ್ರೆಯ ಗುಮಾಸ್ತ ಅದನ್ನೇ ನಕಲು ಮಾಡಿದ. ವೈದ್ಯರು ಸಹಿ ಹಾಕಿದರು. ವರ್ಷದ ಕೊನೆಗೆ ಅದು ಕೋಷ್ಟಕವಾಯಿತು, ಕೋಷ್ಟಕ ವಿಜ್ಞಾನವಾಯಿತು. ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚು ಕೇಸುಗಳು ನಿಲ್ಲಲಿಲ್ಲ. ಈ ವರದಿಯನ್ನು ನಾನು ಎರಡು ವರ್ಷದ ಹಿಂದೆಯೇ ಓದಿದ್ದೆ, ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಬೇರೆಯವರ ಅಂಕಿಗೆ ಅನ್ವಯಿಸಿದ್ದನ್ನು ನನ್ನ ಅಂಕಿಗೆ ಅನ್ವಯಿಸಿರಲಿಲ್ಲ, ಅಷ್ಟೇ.

ನಮೂನೆಯ ಮಾತು ಬಂದದ್ದರಿಂದ ಮತ್ತೆ ಬಾಲ್ಟಿಮೋರಿಗೆ ಹೋಗಬೇಕು. 2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಎಂಬ ಇಪ್ಪತ್ತೈದು ವರ್ಷದ ಕರಿಯ ಯುವಕ ಪೊಲೀಸ್ ವಶದಲ್ಲಿದ್ದಾಗ ಬೆನ್ನುಹುರಿಗೆ ಏಟಾಗಿ ಸತ್ತ. ಊರು ಹೊತ್ತಿ ಉರಿಯಿತು. ಅಮೆರಿಕದ ನ್ಯಾಯ ಇಲಾಖೆ ತನಿಖೆ ಮಾಡಿ 2016ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. 2010ರಿಂದ ಐದೂ ಚಿಲ್ಲರೆ ವರ್ಷದಲ್ಲಿ ಪೊಲೀಸರು ದಾರಿಹೋಕರನ್ನು ತಡೆದು ನಿಲ್ಲಿಸಿದ್ದು ಸುಮಾರು ಮೂರು ಲಕ್ಷ ಸಲ, ಅದೂ ದಾಖಲಾದದ್ದು ಮಾತ್ರ. ಆ ವರದಿಯಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ಚಿಕ್ಕ ಸಂಗತಿ. ಪೊಲೀಸ್ ಅಧಿಕಾರಿಯೊಬ್ಬರು ತಮ್ಮ ಕೈಕೆಳಗಿನವರಿಗೆ ಅತಿಕ್ರಮ ಪ್ರವೇಶದ ಬಂಧನಗಳನ್ನು ಹೇಗೆ ಬರೆಯಬೇಕೆಂದು ಮಾದರಿಯೊಂದನ್ನು ಕಳಿಸಿದ್ದರು. ಅದರಲ್ಲಿ ದಿನಾಂಕ, ಸ್ಥಳ, ಬಂಧಿತನ ಹೆಸರು ತುಂಬಲು ಖಾಲಿ ಜಾಗವಿತ್ತು. ಬಣ್ಣ ಮತ್ತು ಲಿಂಗಕ್ಕೆ ಖಾಲಿ ಜಾಗವೇ ಇರಲಿಲ್ಲ. ‘ಕರಿಯ ಗಂಡಸು’ ಎಂದು ಮೊದಲೇ ಅಚ್ಚಾಗಿತ್ತು. ಇದನ್ನು ಸೈಮನ್ ಧಾರಾವಾಹಿಯಲ್ಲಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು.

ಧಾರಾವಾಹಿಯ ಬಗ್ಗೆ ನನಗೆ ತಕರಾರಿಲ್ಲವೆಂದಲ್ಲ. ಹೆಂಗಸರು ಅಲ್ಲಿ ಕಡಿಮೆ, ಇದ್ದವರೂ ಬಹುತೇಕ ಗಂಡಸರ ದುಃಖಕ್ಕೆ ಕಾರಣವಾಗಿಯೇ ಬರುತ್ತಾರೆ. ಕೆಟ್ಟ ಅಂಕಿಗೆ ಎದುರಾಗಿ ಒಳ್ಳೆಯ ಪೊಲೀಸ್ ಇದ್ದಾನೆ, ತಾಳ್ಮೆಯಿಂದ ಆಲಿಸುವ ನಿಜವಾದ ಪೊಲೀಸ್, ಎಂಬ ಮೋಹ ಸೈಮನ್‌ಗೆ ಕೊನೆಯವರೆಗೂ ಬಿಡುವುದಿಲ್ಲ. ವರದಿಗಾರನಾಗಿ ಅವರ ಜೊತೆ ವರ್ಷಗಟ್ಟಲೆ ಕೂತವರ ಋಣ ಅದು. ಆದರೂ ಐದನೇ ಸೀಸನ್‌ನಲ್ಲಿ ಆ ಮೋಹಕ್ಕೆ ತಾವೇ ಬೆಂಕಿ ಇಡುತ್ತಾರೆ. ತನಿಖೆಗೆ ದುಡ್ಡಿಲ್ಲದಾಗ ಮ್ಯಾಕ್ನಲ್ಟಿ ಇಲ್ಲದ ಸರಣಿ ಕೊಲೆಗಾರನೊಬ್ಬನನ್ನು ಸೃಷ್ಟಿಸುತ್ತಾನೆ, ಸಹಜವಾಗಿ ಸತ್ತ ನಿರ್ಗತಿಕರ ಹೆಣಗಳನ್ನು ಕೊಲೆ ಎಂಬಂತೆ ತಿದ್ದುತ್ತಾನೆ. ಫ್ರೀಮನ್, ನನ್ನ ಪ್ರೀತಿಯ ಫ್ರೀಮನ್, ಅನುಮತಿಯಿಲ್ಲದೆ ಕದ್ದಾಲಿಸುತ್ತಾನೆ. ಪತ್ರಿಕೆಯ ವರದಿಗಾರನೊಬ್ಬ ಆ ಕೊಲೆಗಾರ ತನಗೆ ಫೋನು ಮಾಡಿದ ಎಂದು ಸುಳ್ಳೇ ಬರೆಯುತ್ತಾನೆ. ಪೊಲೀಸ್ ಕಡತವೂ ಪತ್ರಿಕೆಯೂ ಒಂದನ್ನೊಂದು ಸಮರ್ಥಿಸುತ್ತವೆ. ಎರಡು ಸ್ವತಂತ್ರ ಆಕರಗಳು ಒಂದೇ ಮಾತು ಹೇಳಿದರೆ ನಂಬಬಹುದು ಎಂದು ನಮಗೆ ಕಲಿಸಿದ್ದಾರಲ್ಲ!

ದಸರಾ ರಜೆಗೆ ಊರಿಗೆ ಹೋದೆ. ನಮ್ಮದು ಶಿರಾ ಸೀಮೆ, ಹಳ್ಳದ ದಂಡೆಯ ಮೇಲೆಲ್ಲ ಈಚಲು ಮರ. ಅಜ್ಜಿಗೆ ನನ್ನ ಓದು ಏನೆಂದು ಯಾವತ್ತೂ ನೆಟ್ಟಗೆ ಹೇಳಿರಲಿಲ್ಲ, ಹೆಂಡದ ವಿಷಯ ಹೇಗೆ ಹೇಳುವುದೆಂದು ಸಂಕೋಚ. ಅವತ್ತು ಅವರೆಕಾಯಿ ಸುಲಿಯುತ್ತಾ ಕೂತಾಗ ಕೇಳಿದೆ, ಹಿಂದೆ ನಮ್ಮೂರಲ್ಲಿ ಕಳ್ಳಭಟ್ಟಿ ಹಿಡಿಯೋಕೆ ಬರ್ತಿದ್ರಾ ಅಂತ.

“ಬರೋರು. ಕಳ್ಳಭಟ್ಟಿ ಹಿಡಿಯಾಕಲ್ಲ ಕಣ್ ಮಗ, ಕೇಸು ಹಿಡಿಯಾಕೆ” ಎಂದಳು. “ವರ್ಷಕ್ಕೊಂದಪ ಬರೋರು. ಕೆಳಗಲ ಕೇರಿ ಅಣ್ಣತಮ್ಮಂದಿರಿಬ್ಬರು ಇದ್ರು. ಈ ಸತಿ ಅಣ್ಣ, ಮುಂದಲ ಸತಿ ತಮ್ಮ. ಅವರೇ ಹೋಗಿ ಜೀಪು ಹತ್ತೋರು.”

“ಅವರು ಭಟ್ಟಿ ಇಳಿಸ್ತಿದ್ರಾ ಅಜ್ಜಿ?”

“ಇಳಿಸ್ತಿದ್ದೋರೇ ಬ್ಯಾರೆ. ಅವರ ಮನೆಗೆ ಜೀಪು ಹೋಗ್ತಿರಲಿಲ್ಲ.”

ಯಾರ ಮನೆ ಎಂದು ಕೇಳಿದೆ. ಅಜ್ಜಿ ಮೊರದಲ್ಲಿದ್ದ ಸಿಪ್ಪೆ ಕೊಡವಿಕೊಂಡು ಎದ್ದಳು. ಅದನ್ನು ಅವಳು ಇವತ್ತಿಗೂ ಹೇಳಿಲ್ಲ. ಕದ್ದು ಕೇಳುವುದಕ್ಕೆ ನನ್ನ ಹತ್ತಿರ ತಂತಿಯೂ ಇಲ್ಲ.

ಮಾರ್ಗದರ್ಶಕರ ಮನೆಗೆ ಹೋದದ್ದು ಡಿಸೆಂಬರಿನಲ್ಲಿ. ಕೋಷ್ಟಕವನ್ನು ಅಧ್ಯಾಯದ ನಡುವಿನಿಂದ ತೆಗೆದು ಅನುಬಂಧಕ್ಕೆ ಹಾಕಿದ್ದೆ. ಅದರ ಮೇಲೆ ಈ ಅಂಕಿಗಳನ್ನು ಯಾರು, ಯಾರಿಗೆ, ಯಾವ ಒತ್ತಡದಲ್ಲಿ ಕೊಟ್ಟರು ಎಂದು ಹನ್ನೆರಡು ಪುಟ ಬರೆದಿದ್ದೆ. ಮೇಷ್ಟ್ರು ಪುಟ ತಿರುವಿ ನೋಡಿದರು.

“ಎಲ್ಲಮ್ಮಾ ಗ್ರಾಫು? ಚೆನ್ನಾಗಿತ್ತಲ್ಲ ಅದು.”

ಹೇಳಿದೆ. ಧಾರಾವಾಹಿಯಿಂದ ಶುರುಮಾಡಿ ಎಲ್ಲವನ್ನೂ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಸೀರಿಯಲ್ ನೋಡ್ಕೊಂಡು ಥೀಸಿಸ್ ತಿದ್ದೋರನ್ನ ಇದೇ ಮೊದಲು ನೋಡ್ತಿದೀನಿ” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ವಾರ್ಷಿಕ ವರದಿ ಮಾತ್ರ ನೋಡಿದೀಯ ನೀನು. ವರದಿಗೆ ಅಂಕಿ ಕಳಿಸಿದ ತಾಲ್ಲೂಕಿನ ರಿಜಿಸ್ಟರು ಸಿಗುತ್ತಾ ನೋಡು. ಒಂದು ವರ್ಷ ಜಾಸ್ತಿ ಹಿಡಿಯುತ್ತೆ. ಫೆಲೋಶಿಪ್ ಮುಗೀತಲ್ಲ, ನಡೆಸ್ಕೋತೀಯಾ?” ಎಂದರು.

ನಡೆಸಿಕೊಳ್ಳುತ್ತಿದ್ದೇನೆ, ಸಂಜೆ ಟ್ಯೂಷನ್ ಹೇಳಿಕೊಂಡು. ರಿಜಿಸ್ಟರುಗಳು ಪೂರ್ತಿ ಉಳಿದಿಲ್ಲ. ಸಿಕ್ಕ ಒಂದು ಕಟ್ಟಿನಲ್ಲಿ ಹುಳು ತಿಂದ ಪುಟಗಳ ನಡುವೆ ನೆಟ್ಟಗಿದ್ದ ನಾಲ್ಕು ಹಾಳೆ ನೋಡಿದೆ. ಎಡಗಡೆ ಹೆಸರು, ತಂದೆಯ ಹೆಸರು, ಜಾತಿ. ನಡುವೆ ಅಪರಾಧದ ವಿವರ. ಮೊದಲ ಸಾಲಿನಲ್ಲಿ ಗುಮಾಸ್ತ ಪೂರ್ತಿ ಬರೆದಿದ್ದಾನೆ: ಎಲ್ಲಿ, ಯಾವ ಪಾತ್ರೆ, ಎಷ್ಟು ಸರಕು. ಎರಡನೆಯ ಸಾಲಿನಲ್ಲಿ ಬೇರೆ ಹೆಸರು, ಬೇರೆ ಊರು, ಬೇರೆ ತಿಂಗಳು, ಮುಂದೆ ‘ಸದರಿ’. ಮೂರನೆಯದಕ್ಕೂ ಸದರಿ. ಅಲ್ಲಿಂದ ಪುಟದ ಕೆಳಗಿನವರೆಗೆ ಸದರಿ, ಸದರಿ, ಸದರಿ. ಕೊನೆಕೊನೆಗೆ ಕೈ ಸೋತು ಬರೀ ಒಂದು ಗೆರೆ ಎಳೆದಿದ್ದಾನೆ. ಆ ಗೆರೆಯ ಎಡಗಡೆ ಹನ್ನೊಂದು ಹೆಸರುಗಳಿವೆ, ಹನ್ನೊಂದು ತಂದೆಯರ ಹೆಸರುಗಳಿವೆ. ಅವನ್ನು ಪೆನ್ಸಿಲ್ಲಿನಲ್ಲಿ ನಕಲು ಮಾಡಿಕೊಳ್ಳುತ್ತಿದ್ದಾಗ ಪತ್ರಾಗಾರ ಮುಚ್ಚುವ ಹೊತ್ತಾಯಿತು. ಏಳು ಬರೆದಿದ್ದೆ, ನಾಲ್ಕು ಉಳಿದಿವೆ, ಸೋಮವಾರ ಮತ್ತೆ ಹೋಗಬೇಕು.